ಪಟ್ಟಿಯಲ್ಲಿ ಸಿಗದ ಹೆಸರು

ಯೆಹೂದ್ಯರ ಹೀಬ್ರೂ ಧರ್ಮಗ್ರಂಥವನ್ನು, ಅಂದರೆ ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಓದುವವರು ವಂಶಾವಳಿ ಬಂದ ಕೂಡಲೇ ಪುಟ ಮಗುಚುತ್ತಾರೆ. ಇಂಥವನು ಇಂಥವನನ್ನು ಪಡೆದ, ಅವನು ಮತ್ತೊಬ್ಬನನ್ನು ಪಡೆದ. ಏನಿದೆ ಅದರಲ್ಲಿ? ಮುತ್ತಜ್ಜನಿಂದಾಚೆ ಒಂದು ಹೆಸರೂ ಗೊತ್ತಿಲ್ಲದ ಕೇರಿಯ ಮನೆಯಿಂದ ಬಂದ ನನಗೆ ಮಾತ್ರ ಈ ಪಟ್ಟಿಗಳನ್ನು ದಾಟಿ ಹೋಗಲು ಆಗಲಿಲ್ಲ.

ಎಜ್ರನ ಪುಸ್ತಕದ 2ನೆಯ ಅಧ್ಯಾಯ ನೋಡಿ. ಬಾಬಿಲೋನಿನ ಸೆರೆಯಿಂದ ಮರಳಿದವರ ಲೆಕ್ಕ ಅಲ್ಲಿದೆ. 652 ಜನಕ್ಕೆ ತಾವು ಇಸ್ರಾಯೇಲರೇ ಎಂದು ತೋರಿಸಲಾಗಲಿಲ್ಲ. (ನೆಹೆಮೀಯನ ಪುಸ್ತಕದಲ್ಲಿ ಇದೇ ಲೆಕ್ಕ 642. ಜನರನ್ನು ಜರಡಿ ಹಿಡಿದ ಪಟ್ಟಿಗೇ ತನ್ನ ಲೆಕ್ಕ ಗಟ್ಟಿಯಿಲ್ಲ!) ಮೂರು ಪುರೋಹಿತ ಮನೆತನಗಳು ದಾಖಲೆ ಹುಡುಕಿದವು, ಸಿಗಲಿಲ್ಲ. ಅದರಲ್ಲೊಂದರ ಮೂಲಪುರುಷ ಬರ್ಜಿಲ್ಲೈ ಮನೆತನದ ಹೆಣ್ಣನ್ನು ಮದುವೆಯಾಗಿ ಅವಳ ಕಡೆಯ ಹೆಸರನ್ನೇ ಇಟ್ಟುಕೊಂಡವನು. ಅವರನ್ನೆಲ್ಲ ಅಶುದ್ಧರೆಂದು ಪೌರೋಹಿತ್ಯದಿಂದ ಹೊರಗಿಟ್ಟರು. ದೇವರ ನಿರ್ಣಯ ಕೇಳಬಲ್ಲ ಪುರೋಹಿತ ಬರುವ ತನಕ ಪವಿತ್ರ ನೈವೇದ್ಯ ತಿನ್ನಕೂಡದು ಅಂದರು. ವಂಶ, ಶುದ್ಧಿ, ಊಟ ಒಂದೆಡೆ ಸೇರಿದರೆ ಏನಾಗುತ್ತದೆಂದು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಿಲ್ಲ.

ಹಾಗಂತ ಇದನ್ನು ಅವರ ಮನುಸ್ಮೃತಿ ಎಂದು ಕರೆದು ಸುಮ್ಮನಾಗುವುದು ಸೋಮಾರಿ ವಿಮರ್ಶೆ. ಮರಳಿದವರೂ ಸೋತವರೇ. ಗುಡಿ ಸುಟ್ಟುಹೋಗಿತ್ತು, ತಮ್ಮ ಅರಸನಿರಲಿಲ್ಲ, ಪರ್ಷಿಯನ್ನರ ಆಳ್ವಿಕೆ. ತಾವು ಯಾರೆಂದು ಹೇಳಲು ಉಳಿದಿದ್ದದ್ದು ಹೆಸರುಗಳು. ಸೋತವರ ನೆನಪೇ ಬಾಗಿಲು ಕಾಯಲು ನಿಂತಿತಲ್ಲ, ನನ್ನನ್ನು ಕಾಡುವುದು ಅದು. 10ನೆಯ ಅಧ್ಯಾಯಕ್ಕೆ ಬಂದರೆ ಅನ್ಯಕುಲದ ಹೆಂಡಿರನ್ನು ಮಕ್ಕಳ ಸಮೇತ ಕಳಿಸಿಬಿಡುವ ತೀರ್ಮಾನ.

ಆದರೂ ಪಟ್ಟಿ ಬರೆದವರ ಕೈಯಿಂದಲೇ ಬೇರೇನೋ ನುಸುಳಿದೆ. ಮೋವಾಬ್ಯರನ್ನು ಹತ್ತನೆಯ ತಲೆಮಾರಿನ ತನಕ ಸಭೆಗೆ ಸೇರಿಸಕೂಡದು ಎನ್ನುತ್ತದೆ ಧರ್ಮೋಪದೇಶಕಾಂಡ. ಮೋವಾಬಿನ ರೂತಳೋ ದಾವೀದ ಅರಸನ ಅಜ್ಜನ ತಾಯಿ! ಅವಳ ಕಥೆಯ ಕೊನೆಯಲ್ಲಿ ಪೆರೆಚನಿಂದ ದಾವೀದನವರೆಗೆ ಹತ್ತು ಹೆಸರುಗಳಿವೆ, ಅವಳದೊಂದಿಲ್ಲ.

ಪೂರ್ವಕಾಲವೃತ್ತಾಂತದ ಮೊದಲ ಭಾಗದ 2ನೆಯ ಅಧ್ಯಾಯ ಇನ್ನೂ ವಿಚಿತ್ರ. ಶೇಷಾನನಿಗೆ ಗಂಡುಮಕ್ಕಳಿಲ್ಲ. ಅವನ ಮನೆಯಲ್ಲಿ ಯರ್ಹ ಎಂಬ ಈಜಿಪ್ಟಿನ ಆಳು ಇದ್ದ. ಮಗಳನ್ನು ಅವನಿಗೇ ಕೊಟ್ಟ. ಅತ್ತೈಯಿಂದ ಎಲೀಷಾಮನವರೆಗೆ 13 ತಲೆಮಾರು ಯೆಹೂದ ಕುಲದ ಪಟ್ಟಿಯಲ್ಲಿ ಆ ಆಳಿನಿಂದಲೇ ಮುಂದುವರಿಯುತ್ತವೆ. ಒಂದು ಸಮಜಾಯಿಷಿಯೂ ಇಲ್ಲ. ಈಜಿಪ್ಟಿನಲ್ಲಿ ಜೀತ ಮಾಡಿದೆವೆಂದು ನೆನೆಯುವವರ ಮನೆಯಲ್ಲಿ ಈಜಿಪ್ಟಿನವನೇ ಜೀತದಾಳು, ಅವನೇ ಮೂಲಪುರುಷ. ಆಳಿನ ಹೆಸರು ಉಳಿದಿದೆ. ಅವನನ್ನು ಕಟ್ಟಿಕೊಂಡ ಮಗಳ ಹೆಸರನ್ನು ಆ ವಾಕ್ಯದಲ್ಲಿ ಹುಡುಕಿದೆ, ಸಿಗಲಿಲ್ಲ.