ಮೇಜಿನ ಗಣಕವೂ ಮೂಲಪಾಠದ ಓದೂ: ಒಂದು ಪರಾಮರ್ಶೆ

ಮೇಜಿನ ಮೇಲೆ ಸ್ಥಿರವಾಗಿ ನೆಲೆನಿಂತಿರುವ ಗಣಕಯಂತ್ರದ ಕಾಲವು ಮುಗಿಯಿತೆಂಬ ಅಭಿಪ್ರಾಯ ಈಚಿನ ವರ್ಷಗಳಲ್ಲಿ ವಿದ್ಯಾವಂತರಲ್ಲಿ ಬಲವಾಗಿ ಬೇರೂರುತ್ತಿದೆ. ಅಂಗೈಯಲ್ಲಿ ಹಿಡಿಸುವ ಮೊಬೈಲು ಮಾಡಲಾರದ ಕೆಲಸವಿಲ್ಲ. ಅದಕ್ಕೂ ಮೀರಿದ ಕೆಲಸವಿದ್ದರೆ ಲ್ಯಾಪ್‌ಟಾಪ್ ಇದೆ. ಹೀಗಿರುವಲ್ಲಿ ಕೋಣೆಯ ಮೂಲೆಯನ್ನು ಆಕ್ರಮಿಸಿಕೊಂಡು, ತಂತಿಗಳನ್ನು ಹರಡಿಕೊಂಡು ಕುಳಿತ ಈ ಯಂತ್ರವೇಕೆ, ಅದರ ಮುಂದೆ ಬೆಲೆಬಾಳುವ ಸೂಕ್ಷ್ಮದರ್ಶನದ ಮಾನಿಟರ್ ಏಕೆ ಎಂಬುದು ಈ ವಾದದ ಸಾರ. ವಿಜ್ಞಾನ ಹಾಗೂ ವಾಣಿಜ್ಯ ವಿಭಾಗಗಳವರು ಇದಕ್ಕೆ ತಮ್ಮ ಉತ್ತರವನ್ನು ತಾವೇ ಹೇಳಬಲ್ಲರು. ಪ್ರಕೃತ ಲೇಖನದಲ್ಲಿ ಇತಿಹಾಸದ ಅಧ್ಯಯನಕ್ಕೆ ಸಂಬಂಧಿಸಿದಷ್ಟನ್ನು, ಅದರಲ್ಲಿಯೂ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕಾಲೇಜುಗಳ ಸ್ಥಿತಿಯನ್ನು ದೃಷ್ಟಿಯಲ್ಲಿರಿಸಿಕೊಂಡು, ಪರಾಮರ್ಶಿಸಲು ಉದ್ದೇಶಿಸಿದೆ.

ಮೊದಲು ಪೂರ್ವಪಕ್ಷಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕು. ನಮ್ಮ ಸೀಮೆಯಲ್ಲಿ ಮೇಜಿನ ಗಣಕಕ್ಕೆ ಪ್ರಕೃತಿಯೇ ಪ್ರತಿಕೂಲವಾಗಿದೆ. ಮುಂಗಾರಿಗೆ ಮೊದಲು, ಹಾಗೆಯೇ ಮಳೆಗಾಲ ಹಿಂದೆಗೆಯುವ ತಿಂಗಳುಗಳಲ್ಲಿ, ಸಿಡಿಲಿನ ಹೊಡೆತಕ್ಕೆ ವಿದ್ಯುದುಪಕರಣಗಳು ಸುಟ್ಟುಹೋಗುವುದು ಇಲ್ಲಿ ಅಪೂರ್ವವಲ್ಲ. ಗಾಳಿಮಳೆಗೆ ಮರವುರುಳಿ ತಂತಿ ಕಡಿದರೆ ಕಾಡಂಚಿನ ಗ್ರಾಮಗಳಲ್ಲಿ ದೀಪ ಮರಳುವುದಕ್ಕೆ ದಿನಗಳೇ ಬೇಕಾಗಬಹುದು. ಮೊಬೈಲಾದರೋ ತನ್ನ ವಿದ್ಯುತ್ತನ್ನು ತಾನೇ ಹೊತ್ತು ನಡೆಯುತ್ತದೆ. ೨೦೨೧ರ ಜೂನ್ ತಿಂಗಳಲ್ಲಿ, ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದ್ದಾಗ, ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ರಸ್ತೆಯ ಬದಿಗೆ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಗೆ ಆಕೆಯ ತಂದೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರ ಪತ್ರಿಕೆಗಳಲ್ಲಿ ಪ್ರಕಟವಾದುದು ಅನೇಕರ ನೆನಪಿನಲ್ಲಿದ್ದೀತು. ಆ ದಿನ ಅವಳಿಗೆ ವಿದ್ಯೆಯನ್ನು ಮುಟ್ಟಿಸಿದ್ದು ಮೊಬೈಲೇ ಹೊರತು ಮೇಜಿನ ಗಣಕವಲ್ಲ. ಇದನ್ನು ಅಲ್ಲಗಳೆದು ಹೂಡುವ ವಾದ ಪ್ರಾಮಾಣಿಕವಾಗದು.

ಆದರೆ ಅದೇ ಚಿತ್ರವನ್ನು ಇನ್ನೂ ಸ್ವಲ್ಪ ವಿವೇಚಿಸಿ ನೋಡೋಣ. ಆ ವಿದ್ಯಾರ್ಥಿನಿಗೆ ದೊರೆತುದು ಬೇರೊಬ್ಬರು ಸಿದ್ಧಪಡಿಸಿದ ಪಾಠ. ಸಿದ್ಧವಾದ ಪಾಠವನ್ನು ಕೇಳುವುದು ಒಂದು ಕೆಲಸ. ಪಾಠಕ್ಕೆ ಆಧಾರವಾದ ಮೂಲವನ್ನು ತಾನೇ ಓದಿ ನಿರ್ಣಯಕ್ಕೆ ಬರುವುದು ಇನ್ನೊಂದು ಕೆಲಸ. ಈ ಎರಡರ ಭೇದವನ್ನು ಗಮನಿಸದೆ ಒಂದರ ಉಪಕರಣವು ಇನ್ನೊಂದಕ್ಕೂ ಸಾಕೆಂದು ಭಾವಿಸುವುದೇ ಮೇಲಣ ವಾದದ ಮುಖ್ಯ ದೋಷ.

ಈ ವಾದಕ್ಕೆ ಜಗತ್ತಿನಲ್ಲಿ ಹೆಚ್ಚು ಪ್ರಚಾರ ದೊರಕಿಸಿದವರಲ್ಲಿ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಒಬ್ಬರು. ೨೦೧೦ರಲ್ಲಿ ಅವರು ಗಣಕವನ್ನು ಲಾರಿಗೆ ಹೋಲಿಸಿದರು. ದೇಶವು ಕೃಷಿಪ್ರಧಾನವಾಗಿದ್ದಾಗ ವಾಹನಗಳೆಲ್ಲ ಲಾರಿಗಳೇ ಆಗಿದ್ದುವು, ನಗರಗಳು ಬೆಳೆದಂತೆ ಕಾರುಗಳು ಹೆಚ್ಚಿದುವು, ಗಣಕದ ಗತಿಯೂ ಹೀಗೆಯೇ ಎಂಬುದು ಅವರ ಮಾತಿನ ತಾತ್ಪರ್ಯ. ಗಮನಿಸತಕ್ಕ ಸಂಗತಿಯೆಂದರೆ, ಲಾರಿಯೇ ಇಲ್ಲವಾಗುವುದೆಂದು ಅವರೂ ಹೇಳಲಿಲ್ಲ; ಕೆಲವರಿಗೆ ಮಾತ್ರ ಅದು ಬೇಕಾದೀತು ಎಂದರು. ಅಡಕೆ, ರಬ್ಬರು ತುಂಬಿದ ಪಿಕಪ್ ಗಾಡಿಗಳನ್ನು ದಿನವೂ ಕಾಣುವ ನಮಗೆ ಈ ಹೋಲಿಕೆ ಅಪರಿಚಿತವಲ್ಲ. ಭಾರ ಹೊರುವ ಕೆಲಸವಿರುವವರೆಗೆ ಭಾರ ಹೊರುವ ಗಾಡಿಯೂ ಇರುತ್ತದೆ. ಆದುದರಿಂದ ವಿಚಾರಿಸಬೇಕಾದುದು ಮೇಜಿನ ಗಣಕ ಉಳಿಯುತ್ತದೆಯೆ ಎಂಬುದನ್ನಲ್ಲ, ಆ 'ಕೆಲವರು' ಯಾರು ಎಂಬುದನ್ನು. ಬೆಂಗಳೂರು, ಚೆನ್ನೈ, ದೆಹಲಿಗಳ ಸಂಶೋಧನಾಲಯಗಳಲ್ಲಿ ಕುಳಿತವರು ಮಾತ್ರವೆ? ಪುತ್ತೂರಿನ ಪದವಿ ವಿದ್ಯಾರ್ಥಿಯೂ ಆ ಗುಂಪಿಗೆ ಸೇರುವನೆ?

ನಮ್ಮ ಸೀಮೆಯ ಇತಿಹಾಸದ ಆಕರಗಳು ಎಂತಹವು ಎಂಬುದನ್ನು ನೋಡಿದರೆ ಪ್ರಶ್ನೆಯ ಗೌರವ ತಿಳಿಯುತ್ತದೆ. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಡನೆ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅದುವರೆಗೆ ಕೊಡಗಿನ ಅರಸರ ಆಡಳಿತಕ್ಕೊಳಪಟ್ಟಿದ್ದ ಪುತ್ತೂರು ಹಾಗೂ ಅಮರಸುಳ್ಯದ ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಕಂದಾಯವನ್ನು ನಗದಾಗಿಯೇ ಸಲ್ಲಿಸಬೇಕೆಂಬ ಕ್ರಮ ರೈತರಲ್ಲಿ ಅಸಮಾಧಾನವನ್ನು ಹುಟ್ಟಿಸಿತು. ೧೮೩೭ರಲ್ಲಿ ದಂಗೆಯೆದ್ದ ಜನರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ ಮೊದಲ ವಾರದಲ್ಲಿ ಮಂಗಳೂರನ್ನು ಸೇರಿದರು. ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಸ್ಥಾಪಿಸಿದುದು ೨೦೨೨ರಲ್ಲಿ. ಈ ದಂಗೆಯು ಸ್ವಾತಂತ್ರ್ಯ ಸಂಗ್ರಾಮವೆ, ಕೊಡಗಿನ ಅರಸೊತ್ತಿಗೆಯನ್ನು ಮರಳಿ ಸ್ಥಾಪಿಸುವ ಯತ್ನವೆ, ಕಂದಾಯದ ವಿರುದ್ಧ ರೈತರ ಪ್ರತಿಭಟನೆಯೆ ಎಂಬ ಚರ್ಚೆ ನಮ್ಮ ಊರುಗಳ ವೇದಿಕೆಗಳಲ್ಲಿ ಇಂದಿಗೂ ನಡೆಯುತ್ತದೆ. ಆದರೆ ಚರ್ಚೆಯಲ್ಲಿ ಉದ್ಧರಿಸಲ್ಪಡುವುವು ಬಹುಮಟ್ಟಿಗೆ ಬೇರೆಯವರ ಉದ್ಧರಣೆಗಳು. ಅಂದಿನ ಸರ್ಕಾರಿ ಪತ್ರವ್ಯವಹಾರವು ಇಂಗ್ಲಿಷ್ ಕೈಬರಹದಲ್ಲಿದ್ದು, ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾರಣ ಚೆನ್ನೈಯ ಪತ್ರಾಗಾರವನ್ನೇ ಅದಕ್ಕೆ ಆಶ್ರಯಿಸಬೇಕಾಗುತ್ತದೆ. ಆ ಕೈಬರಹದಲ್ಲಿ ನಮ್ಮ ಬೆಳ್ಳಾರೆಗೂ ಬಯಲುಸೀಮೆಯ ಬಳ್ಳಾರಿಗೂ ಇರುವ ಅಂತರ ಪದದ ಕೊನೆಯ ಒಂದೇ ಅಕ್ಷರ. ಆ ಅಕ್ಷರದ ಬಾಲ ಕಾಣದೆ ಹೋದರೆ ಒಂದು ಘಟನೆಯೇ ನೂರಾರು ಮೈಲಿಗಳಾಚೆಗೆ ಸರಿದುಹೋಗುತ್ತದೆ.

ಶಾಸನಗಳ ವಿಷಯವೂ ಹೀಗೆಯೇ. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳು ಮೈಸೂರು ಸಂಸ್ಥಾನ ಹಾಗೂ ಕೊಡಗಿಗೆ ಸೀಮಿತವಾದವು. ಮದರಾಸು ಆಧಿಪತ್ಯದಲ್ಲಿದ್ದ ನಮ್ಮ ಜಿಲ್ಲೆ ಅವುಗಳ ವ್ಯಾಪ್ತಿಯಿಂದ ಹೊರಗುಳಿಯಿತು. ಇಲ್ಲಿಯ ಶಾಸನಗಳಿಗಾಗಿ 'ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್' ಮಾಲೆಯ ಏಳನೆಯ ಸಂಪುಟದಂತಹವನ್ನು ನೋಡಬೇಕು. ಇಂತಹ ಗ್ರಂಥಗಳ ಪುಟಗಳ ಛಾಯಾಬಿಂಬಗಳು ಈಗ ಅಂತರಜಾಲದಲ್ಲಿ ದೊರೆಯುತ್ತವೆ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರವೂ ತನ್ನ ದಾಖಲೆಗಳನ್ನು 'ಅಭಿಲೇಖ ಪಟಲ'ದ ಮೂಲಕ ಹೊರತರುತ್ತಿದೆ. ಸಂಶೋಧನೆಗೆ ಹಿಂದೆ ಅಡ್ಡವಾಗಿದ್ದ ಪ್ರಯಾಣದ ವೆಚ್ಚ ಹೀಗೆ ತಕ್ಕಮಟ್ಟಿಗೆ ತಗ್ಗಿದೆ. ಮೂಲವು ಊರಿಗೆ ಬಂದಿದೆ. ಅದನ್ನು ಬಿಡಿಸಿ ನೋಡುವ ಮಣೆಯೊಂದು ಬೇಕಾಗಿದೆ.

ಆ ಮಣೆಯ ಅಳತೆ ಎಷ್ಟಿರಬೇಕು? ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಎ೪ ಅಳತೆಯ ಪುಟವೊಂದನ್ನು ಅಂಗುಲಕ್ಕೆ ೩೦೦ ಬಿಂದುಗಳಂತೆ ಬಿಂಬಿಸಿದರೆ ಅಗಲದಲ್ಲಿ ೨೪೮೦, ಎತ್ತರದಲ್ಲಿ ೩೫೦೮, ಒಟ್ಟು ಸುಮಾರು ೮೭ ಲಕ್ಷ ಬಿಂದುಗಳಾಗುತ್ತವೆ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವ ೧೯೨೦ × ೧೦೮೦ರ ಮಾನಿಟರಿನಲ್ಲಿರುವ ಬಿಂದುಗಳು ೨೧ ಲಕ್ಷಕ್ಕೂ ಕಡಿಮೆ. ಎಂದರೆ ಪುಟದ ವಿವರಗಳಲ್ಲಿ ಕಾಲುಭಾಗವೂ ಒಮ್ಮೆಗೆ ಅದರ ಮೇಲೆ ಮೂಡಲಾರದು. '೪ಕೆ' ಎಂದು ಕರೆಯಲಾಗುವ ೩೮೪೦ × ೨೧೬೦ರ ಪರದೆಯಲ್ಲಿ ಸುಮಾರು ೮೩ ಲಕ್ಷ ಬಿಂದುಗಳಿವೆ. ಅದನ್ನು ನಿಲುವಾಗಿ ತಿರುಗಿಸಿ ನಿಲ್ಲಿಸಿದರೆ ಪುಟವು ಹೆಚ್ಚು ಕಡಿಮೆ ಇದ್ದಂತೆಯೇ ಕಾಣುತ್ತದೆ. ಇದು ಭೋಗದ ಮಾತಲ್ಲ. ಕನ್ನಡದಲ್ಲಿ 'ದನ'ಕ್ಕೂ 'ಧನ'ಕ್ಕೂ ಇರುವ ವ್ಯತ್ಯಾಸ ಅಕ್ಷರದ ಅಡಿಯಲ್ಲಿರುವ ಒಂದು ಚಿಕ್ಕ ಸೀಳು. ಮಸುಕಾದ ಬಿಂಬದಲ್ಲಿ ಆ ಸೀಳು ಮುಚ್ಚಿಹೋದರೆ, ದೇವಾಲಯಕ್ಕೆ ಬಿಟ್ಟದ್ದು ಹಸುವೆ ಹಣವೆ ಎಂಬುದನ್ನು ಓದುಗನ ಊಹೆಯೇ ನಿರ್ಣಯಿಸಬೇಕಾಗುತ್ತದೆ. ಒತ್ತಕ್ಷರಗಳ ಕಷ್ಟವನ್ನು ಹೇಳಬೇಕಾದುದೇ ಇಲ್ಲ.

ತಾಳೆಯೋಲೆಯ ವಿಷಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಹದಿನಾರು ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ಓಲೆಯನ್ನು ಮೇಲಿನ ಪ್ರಮಾಣದಲ್ಲಿಯೇ ಬಿಂಬಿಸಿದರೆ ಅದರ ಉದ್ದ ೪೮೦೦ ಬಿಂದುಗಳು. ಸಾಮಾನ್ಯ ಮಾನಿಟರಿನಲ್ಲಿ ಒಮ್ಮೆಗೆ ಕಾಣುವುದು ಸಾಲಿನ ಐದರಲ್ಲಿ ಎರಡು ಪಾಲು, ೪ಕೆ ಪರದೆಯಲ್ಲಿ ನಾಲ್ಕು ಪಾಲು. ತುಳುನಾಡಿನ ಓಲೆಗಳು ಹಲವು ತುಳು ಲಿಪಿಯಲ್ಲಿವೆ. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿತ್ತು. ತುಳು-ತಿಗಳಾರಿ ಲಿಪಿಗೆ ೮೦ ಸಂಕೇತಗಳೊಡನೆ ಸ್ಥಾನ ದೊರೆತದ್ದು ೨೦೨೪ರ ಸೆಪ್ಟೆಂಬರಿನಲ್ಲಿ. ಓಲೆಯ ಬಿಂಬವನ್ನು ಮೇಲುಗಡೆ, ಅಕ್ಷರಾಂತರವನ್ನು ಕೆಳಗಡೆ ಇರಿಸಿಕೊಂಡು ಸಾಲಿಗೆ ಸಾಲು ಒಪ್ಪನೋಡುವ ಕೆಲಸ ಈಗಷ್ಟೇ ಸಾಧ್ಯವಾಗುತ್ತಿದೆ. ಇಂತಹ ಸಮಯದಲ್ಲಿಯೇ ದೊಡ್ಡ ಪರದೆ ಅನಾವಶ್ಯಕವೆಂದು ಸಾರುವುದು ವಿಪರ್ಯಾಸ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪವನ್ನು ಎತ್ತಬಹುದು: ಇಂದಿನ ಮೊಬೈಲುಗಳಲ್ಲಿ ಅಂಗುಲಕ್ಕೆ ೪೦೦ರಷ್ಟು ಬಿಂದುಗಳಿರುವಾಗ, ೨೪ ಅಂಗುಲದ ಸಾಮಾನ್ಯ ಮಾನಿಟರಿನಲ್ಲಿ ಅಂಗುಲಕ್ಕೆ ೯೨ ಮಾತ್ರ, ಹಾಗಾದರೆ ಸೂಕ್ಷ್ಮದರ್ಶನ ಯಾವುದರದು? ಸಂಗತಿ ನಿಜ. ಮೊಬೈಲಿಗೆ ಬಿಂದುಗಳ ಸಾಂದ್ರತೆಯಿದೆ, ಆದರೆ ವಿಸ್ತಾರವಿಲ್ಲ. ಹದಿನಾರು ಅಂಗುಲದ ಓಲೆಯನ್ನು ಆರು ಅಂಗುಲಕ್ಕೆ ಇಳಿಸಿದರೆ ಅಕ್ಷರ ಕಣ್ಣಿಗೆ ನಿಲುಕದು. ಹಿಗ್ಗಿಸಿದರೆ ಅಕ್ಷರ ದೊರೆತು ಸಾಲು ಕೈತಪ್ಪುತ್ತದೆ. ಹಸ್ತಪ್ರತಿಯಲ್ಲಿ ಸಂದಿಗ್ಧವಾದ ಅಕ್ಷರವನ್ನು ನಿರ್ಣಯಿಸುವುದು ಆ ಅಕ್ಷರವೊಂದನ್ನೇ ದಿಟ್ಟಿಸಿಯಲ್ಲ. ಅದೇ ಲಿಪಿಕಾರ ಮೇಲಿನ ಸಾಲಿನಲ್ಲಿ ಅದೇ ಅಕ್ಷರವನ್ನು ಹೇಗೆ ಬರೆದಿದ್ದಾನೆಂದು ಹೋಲಿಸಿ ನೋಡಿ. ಬಿಡಿಯನ್ನೂ ಇಡಿಯನ್ನೂ ಒಟ್ಟಿಗೆ ಕಾಣಬೇಕಾದುದು ಇತಿಹಾಸಕಾರನ ಓದಿನ ಮೊದಲ ನಿಯಮ. ಮೊಬೈಲು ಇವೆರಡರಲ್ಲಿ ಒಂದನ್ನು ಬಿಟ್ಟುಕೊಡಬೇಕೆಂದು ಕೇಳುತ್ತದೆ.

ಹಾಗೆಂದು ಮೇಜಿನ ಮಾನಿಟರು ಓದುಗನ ಅಗತ್ಯವನ್ನು ಅರಿತೇ ಬೆಳೆದುಬಂದಿತೆಂದು ಹೇಳುವಂತಿಲ್ಲ. ೧೯೭೩ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆ ನಿರ್ಮಿಸಿದ 'ಆಲ್ಟೊ' ಗಣಕದ ಪರದೆ ೬೦೬ × ೮೦೮ ಬಿಂದುಗಳಿದ್ದು, ಕಾಗದದ ಹಾಳೆಯಂತೆ ನಿಲುವಾಗಿತ್ತು. ೨೦೦೧ರಲ್ಲಿಯೇ ಐಬಿಎಂ ಸಂಸ್ಥೆ ೩೮೪೦ × ೨೪೦೦ ಬಿಂದುಗಳ, ಅಂಗುಲಕ್ಕೆ ಸುಮಾರು ೨೦೦ ಬಿಂದುಗಳುಳ್ಳ ಮಾನಿಟರನ್ನು ಹೊರತಂದಿತ್ತು. ಬೆಲೆ ವಿಪರೀತವಾದುದರಿಂದ ಅದು ಬಳಕೆಗೆ ಇಳಿಯಲಿಲ್ಲ. ಅನಂತರದ ದಶಕದಲ್ಲಿ ದೂರದರ್ಶನ ಪೆಟ್ಟಿಗೆಗಳಿಗಾಗಿ ತಯಾರಾಗುತ್ತಿದ್ದ ಅಡ್ಡಗಲದ ಫಲಕಗಳೇ ಅಗ್ಗವಾಗಿ ದೊರೆತು, ೧೯೨೦ × ೧೨೦೦ರ ಪರದೆಗಳ ಸ್ಥಾನವನ್ನು ೧೯೨೦ × ೧೦೮೦ರವು ಆಕ್ರಮಿಸಿದುವು. ಪರದೆಯ ಆಕಾರವನ್ನು ನಿರ್ಧರಿಸಿದುದು ಓದುವವನ ಕಣ್ಣಲ್ಲ, ಚಲನಚಿತ್ರ ನೋಡುವವನ ಕಣ್ಣು. ಯಂತ್ರಗಳ ಇತಿಹಾಸವೆಂದರೆ ಏಕಮುಖವಾದ ಪ್ರಗತಿಯೆಂದು ನಂಬುವವರು ಈ ನಿದರ್ಶನವನ್ನು ಗಮನಿಸಬೇಕು. ಮಾರುಕಟ್ಟೆಯಲ್ಲಿ ಹೆಚ್ಚು ಮಾರಾಟವಾಗುವುದೇ ವಿದ್ಯೆಗೆ ಹೆಚ್ಚು ತಕ್ಕುದೆಂಬ ನಿಯಮವೇನೂ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ನಮ್ಮ ಅಭಿಪ್ರಾಯದಲ್ಲಿ, ಪರವಿರೋಧಿಗಳಿಬ್ಬರೂ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೆಂದು ತಿಳಿದಿದ್ದಾರೆ. ಲೆಕ್ಕ ಮಾಡುವ ಪೆಟ್ಟಿಗೆ ಒಂದು. ಕಾಣಿಸುವ ಪರದೆ ಇನ್ನೊಂದು. ಪೆಟ್ಟಿಗೆಯ ಆಯುಸ್ಸು ಅಲ್ಪ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಹಳೆಯ ಗಣಕಗಳಲ್ಲಿ ಅನೇಕವು ಅದರ ಮುಂದಿನ ಆವೃತ್ತಿಗೆ ಅರ್ಹವಲ್ಲ. ಇದನ್ನೇ ನೆಪಮಾಡಿ ಮೇಜನ್ನೇ ತೆರವುಗೊಳಿಸುವುದು ಸಲ್ಲದು. ಹಳೆಯ ಗಣಕವನ್ನು ಲಿನಕ್ಸ್‌ನಂತಹ ಮುಕ್ತ ತಂತ್ರಾಂಶದಿಂದ ನಡೆಸಬಹುದು; ನಮ್ಮ ಗಡಿಯಾಚೆಯ ಕಾಸರಗೋಡೂ ಸೇರಿದಂತೆ ಕೇರಳದ ಶಾಲೆಗಳಲ್ಲಿ ಅಂತಹ ತಂತ್ರಾಂಶವು ಬಹುಕಾಲದಿಂದ ಬಳಕೆಯಲ್ಲಿದೆ. ಪೆಟ್ಟಿಗೆ ಪೂರ್ತಿ ಕೆಟ್ಟರೂ ಒಳ್ಳೆಯ ಪರದೆ ಕೆಡುವುದಿಲ್ಲ. ವಿದ್ಯಾರ್ಥಿ ತರುವ ಲ್ಯಾಪ್‌ಟಾಪಿಗೆ ಒಂದು ತಂತಿಯಿಂದ ಅದನ್ನು ಜೋಡಿಸಿಕೊಳ್ಳಬಹುದು. ಸಿಡಿಲಿನ ಭಯವಿದ್ದಾಗ ತಂತಿ ಕಳಚಿಡುವ ಶಿಸ್ತನ್ನು ಪ್ರಯೋಗಾಲಯದ ನಿಯಮವಾಗಿಸಿದರೆ ಹಾನಿಯೂ ಬಹಳಷ್ಟು ತಗ್ಗುತ್ತದೆ. ಮೇಜಿನ ಗಣಕದ ಭವಿಷ್ಯ ಹೀಗೆ ಮೇಜು ಹಾಗೂ ಪರದೆಯ ಭವಿಷ್ಯವಾಗಿ ಉಳಿದೀತು. ನಡುವಿನ ಪೆಟ್ಟಿಗೆ ಯಾವ ರೂಪ ತಾಳಿದರೂ ಚಿಂತಿಲ್ಲ.

ಇದರಿಂದ ಒಂದು ವ್ಯಾವಹಾರಿಕ ತೀರ್ಮಾನಕ್ಕೆ ಬರಬಹುದು. ಬೆರಳಚ್ಚಿನ ಅಭ್ಯಾಸಕ್ಕೆಂದು ಅಗ್ಗದ ಯಂತ್ರಗಳನ್ನು ಸಾಲಾಗಿ ಕೊಳ್ಳುವ ಬದಲು, ಪ್ರತಿಯೊಂದು ಕಾಲೇಜಿನ ಗ್ರಂಥಾಲಯದಲ್ಲಿ ಎರಡೋ ಮೂರೋ ಉತ್ತಮ ಪರದೆಗಳನ್ನು, ನಿಲುವಾಗಿ ತಿರುಗಿಸಬಲ್ಲವನ್ನು, ಇತಿಹಾಸ ಹಾಗೂ ಕನ್ನಡ ವಿದ್ಯಾರ್ಥಿಗಳ ಮೂಲಪಾಠದ ಓದಿಗೆಂದೇ ಮೀಸಲಿಡುವುದು ಲೇಸು. ಎಲ್ಲರಿಗೂ ಒಂದೊಂದು ಬೇಕಿಲ್ಲ. ಶಬ್ದಕೋಶವನ್ನು ಗ್ರಂಥಾಲಯದಲ್ಲಿ ಸರದಿಯಂತೆ ನೋಡಿ ಕಲಿತವರೇ ನಮ್ಮ ಹಿರಿಯರು.

ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದಂತಹ ಬೃಹತ್ ಸಂಪುಟಗಳನ್ನು ರಚಿಸಿದುದನ್ನು ನೆನೆದರೆ, ಜ್ಞಾನವು ನಗರದಲ್ಲಿ ಹುಟ್ಟಿ ಹಳ್ಳಿಗೆ ಹಂಚಿಕೆಯಾಗಬೇಕೆಂಬ ಕಟ್ಟಳೆಯೇನೂ ಇಲ್ಲವೆಂಬುದು ಮನದಟ್ಟಾಗುತ್ತದೆ. ನಮ್ಮ ವಿದ್ಯಾರ್ಥಿಗಳ ಕೈಗೆ ಮೊಬೈಲನ್ನು ಮಾತ್ರ ಬಿಟ್ಟರೆ ಅವರು ಬೇರೆಯವರ ಓದಿನ ಫಲವನ್ನು ವೇಗವಾಗಿ ಪಡೆಯಬಲ್ಲರು. ಆ ಓದು ಸರಿಯೆ ತಪ್ಪೆ ಎಂದು ಪರೀಕ್ಷಿಸಲಾರರು. ೧೮೩೭ರಲ್ಲಿ ಈ ಸೀಮೆಯ ಜನರು ಏನು ಮಾಡಿದರೆಂಬುದನ್ನು ಕಲೆಕ್ಟರನ ಕಚೇರಿ ಬರೆದಿಟ್ಟಿತು, ಅದನ್ನು ಅನ್ಯರು ಓದಿ ನಮಗೆ ಹೇಳಿದರು. ಇನ್ನು ಮುಂದಾದರೂ ಸುಳ್ಯದ ವಿದ್ಯಾರ್ಥಿಯೊಬ್ಬಳು ಆ ಕಾಗದವನ್ನು ತನ್ನ ಕಾಲೇಜಿನಲ್ಲಿಯೇ ಪೂರ್ತಿಯಾಗಿ ಬಿಡಿಸಿಟ್ಟು, ಬೆಳ್ಳಾರೆಯೆಂಬ ಹೆಸರನ್ನು ಬೆಳ್ಳಾರೆಯೆಂದೇ ಓದುವಂತಾಗಬೇಕು. ಮೇಜನ್ನು ತೆರವುಗೊಳಿಸುವ ಮುನ್ನ ನಮ್ಮ ಕಾಲೇಜುಗಳು ಆಲೋಚಿಸಬೇಕಾದುದು ಇದನ್ನು.