ನಿಲಸಕಲ್ಲಿನ ಕಲ್ಲುಗಳೂ ನಮ್ಮ ಊಹೆಗಳೂ

ಹೊಸನಗರ ತಾಲೂಕಿನ ನಿಲಸಕಲ್ಲು ಗ್ರಾಮಕ್ಕೆ ಹೆಸರು ಬಂದುದು ಅಲ್ಲಿ ನೆಟ್ಟಿರುವ ಒರಟು ಶಿಲೆಗಳಿಂದಲೇ. ಇಂಥವನ್ನು ನೆಟ್ಟವರು ಯಾರೆಂಬ ವಿಷಯದಲ್ಲಿ ಊಹೆಗಳಿಗೆ ಎಂದೂ ಬರವಿಲ್ಲ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಕಲ್ಮನೆಗಳನ್ನು ಜನರು ಮೋರೇರೆಂಬ ಕುಳ್ಳರ ಮನೆಗಳೆಂದರು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ತಾನು ಕಂಡ ಕಲ್ಗೋರಿಗಳಿಗೆ ಕೆಲ್ಟರನ್ನೂ ಶಕರನ್ನೂ ಕರೆತಂದನು. ಈ ನೆಲದವರ ಪೂರ್ವಿಕರು ಮಾತ್ರ ಯಾರಿಗೂ ನೆನಪಾಗಲಿಲ್ಲ! 1947ರಲ್ಲಿ ವೀಲರನು ಬ್ರಹ್ಮಗಿರಿಯಲ್ಲಿ ಅಗೆಯಿಸಿದಾಗ ದೊರೆತವು ಕಬ್ಬಿಣದ ಉಪಕರಣಗಳು, ಕಪ್ಪು-ಕೆಂಪು ಮಡಕೆಗಳು, ಮನುಷ್ಯರ ಮೂಳೆಗಳು.

ಈಚೆಗೆ ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ, ಕೈಲಾಸ್ ರಾವ್ ಇವರು ನಿಲಸಕಲ್ಲಿನ ಕೆಲವು ಜೋಡಿಗಲ್ಲುಗಳ ನೇರದಲ್ಲಿ ಅಯನಗಳು ತಿರುಗುವ ದಿನಗಳ (ಪಂಚಾಂಗದ ಮಕರಸಂಕ್ರಮಣವಲ್ಲ, ಡಿಸೆಂಬರ್ ಮತ್ತು ಜೂನ್ ತಿಂಗಳಿನವು) ಸೂರ್ಯೋದಯಾಸ್ತಗಳು ಕಾಣುವುವೆಂದು ಪ್ರತಿಪಾದಿಸಿದ್ದಾರೆ. ಈ ವಾದವು ಹಿಂದಿನವುಗಳಂತಲ್ಲ; ಅಳೆದು ಹೇಳಿದುದು, ಆದುದರಿಂದ ಅಳೆದೇ ಖಂಡಿಸಬಹುದಾದುದು. ಸಮೀಪದ ಬೈಸೆಯಲ್ಲಿಯೂ ಇಂಥದೇ ಜೋಡಣೆ ಕಂಡಿರುವುದು ಇದಕ್ಕೆ ಬಲ. ಆದರೂ ಒಂದು ಶಂಕೆಯುಂಟು. 20 ಕಲ್ಲುಗಳನ್ನು ಎರಡೆರಡಾಗಿ ಕೂಡಿಸಿದರೆ 190 ಗೆರೆಗಳಾಗುತ್ತವೆ. ಅವುಗಳಲ್ಲಿ ಕೆಲವು ಸೂರ್ಯನತ್ತ ಹೋದುದು ಘುಣಾಕ್ಷರನ್ಯಾಯವೂ ಆಗಿರಬಹುದು. ಹುಳು ಕೊರೆದ ಮರದಲ್ಲಿ ಅಕ್ಷರ ಕಂಡಿತೆಂದು ಹುಳುವನ್ನು ಪಂಡಿತನೆನ್ನಲಾಗದು. ಹೊಂದುವ ಗೆರೆಗಳೊಡನೆ ಹೊಂದದವುಗಳನ್ನೂ ಎಣಿಸಿ ತೋರಿಸಿದ ಹೊರತು ವ್ಯಾಪ್ತಿಯು ಸಿದ್ಧಿಸದು.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಇದು ಸ್ವಂತ ಜಿಲ್ಲೆಯ ಕೆಲಸ. ಎಣಿಕೆಯು ಬೇಗನೆ ನಡೆಯಬೇಕು. ಇಪ್ಪತ್ತರಲ್ಲಿ ಒಂದು ಕಲ್ಲು ಕಿತ್ತುಹೋದರೆ 19 ಗೆರೆಗಳು ಅಳಿಸಿಹೋಗುತ್ತವೆ.