ಅರಿವೂ ಲೋಭವೂ

ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರವು ಬಳಕೆದಾರರ ಹಿತವನ್ನು ಬಿಟ್ಟು ಜಾಹೀರಾತುದಾರರ ಕಡೆಗೆ ವಾಲುವುದೆಂದು 1998ರಲ್ಲಿಯೇ ಎಚ್ಚರಿಸಿದವರು ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್. ಅವರೇ ಸ್ಥಾಪಿಸಿದ ಗೂಗಲ್ ಸಂಸ್ಥೆಯು 2000ದಲ್ಲಿ ಜಾಹೀರಾತಿನ ವ್ಯಾಪಾರಕ್ಕೆ ಇಳಿಯಿತು. ಅರಿವಿದ್ದೂ ಲೋಭಕ್ಕೆ ಎಲ್ಲೆಯಿಲ್ಲದಿರುವುದೇ ಅವನತಿಯ ಮೂಲ.

ಇಂತಹ ಅವನತಿಯ ಕ್ರಮವನ್ನು ಲೇಖಕ ಕೋರಿ ಡಾಕ್ಟರೋ 2023ರಲ್ಲಿ ವಿವರಿಸಿದರು. ಅಂತರ್ಜಾಲದ ವೇದಿಕೆಯು ಮೊದಲು ಬಳಕೆದಾರರನ್ನು ಓಲೈಸುತ್ತದೆ. ಅವರು ಬಿಟ್ಟುಹೋಗಲಾರದಂತಾದ ಮೇಲೆ ವ್ಯಾಪಾರಿಗಳನ್ನು ಓಲೈಸುತ್ತದೆ. ಕೊನೆಗೆ ಇಬ್ಬರನ್ನೂ ಹಿಂಡಿ ಲಾಭವನ್ನೆಲ್ಲ ತಾನೇ ಬಾಚಿಕೊಳ್ಳುತ್ತದೆ.

ಬೇಡವಾದವರು ಬೇರೆಡೆಗೆ ಹೋಗಲಿ ಎಂಬ ವಾದ ಅರ್ಧಸತ್ಯ. ಫೋನು, ಬ್ರೌಸರ್‌ಗಳಲ್ಲಿ ತನ್ನ ಶೋಧಯಂತ್ರವೇ ಮೊದಲಿನಿಂದ ಅಳವಟ್ಟಿರುವಂತೆ ಮಾಡಲು ಗೂಗಲ್ 2021ರಲ್ಲಿ 2,630 ಕೋಟಿ ಡಾಲರ್ ತೆತ್ತಿತು. ಅದು ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿತೆಂದು ಅಮೆರಿಕದ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು.

ಗಿರಾಕಿ ಎದ್ದುಹೋಗಬಲ್ಲನೆಂಬ ಅಂಜಿಕೆ ಇರುವವರೆಗೆ ಮಾತ್ರ ಅಂಗಡಿಯ ತಕ್ಕಡಿ ನೇರವಾಗಿರುತ್ತದೆ. ಆ ದಾರಿಯನ್ನು ತೆರೆದಿಡುವುದು ಕಾನೂನಿನ ಹೊಣೆ. ಆ ದಾರಿಯಲ್ಲಿ ನಡೆಯುವುದು, ಜಾಹೀರಾತನ್ನು ಉತ್ತರವೆಂದು ನಂಬದಿರುವುದು, ಉಚಿತವೆಂಬುದರ ಬೆಲೆಯನ್ನು ವಿಚಾರಿಸುವುದು ಬಳಸುವವನ ಹೊಣೆ. ಇವೆರಡರಲ್ಲಿ ಒಂದು ತಪ್ಪಿದರೂ ಇನ್ನೊಂದು ನಿಷ್ಫಲ.